ಚರ್ಮದ ಮೇಲಿನ ಕಲೆ, ಒಳಗಿನ ಕಾಯಿಲೆ: ಮುಲಾಮು ಹಚ್ಚುವ ಮುನ್ನ

ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿ ಶುರುವಾದ ಮೇಲೆ ಮೈತುರಿಕೆ, ಕಾಲ್ಬೆರಳ ಸಂದಿಯ ಹುಣ್ಣು, ಸೊಂಟದ ಸುತ್ತ ಗಜಕರ್ಣ ಯಾರಿಗೂ ಹೊಸದಲ್ಲ. ದಿನವಿಡೀ ಕೆಸರಿನಲ್ಲಿ ನಿಂತು, ಒದ್ದೆ ಬಟ್ಟೆಯಲ್ಲೇ ದುಡಿದವರಿಗೆ ಅವು ಬರುವುದು ಸಹಜ. ಔಷಧ ಅಂಗಡಿಯ ಮುಂದೆ ತೋಳು ಮಡಚಿ ತೋರಿಸಿ, ‘ಇದಕ್ಕೇನರ ಹಚ್ಚಾಕ ಕೊಡ್ರಿ’ ಎಂದರೆ ಒಂದು ಟ್ಯೂಬ್ ಕೈಗೆ ಬರುತ್ತದೆ. ಎಷ್ಟೋ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ.

ಆದರೆ ಕೆಲವು ಕಲೆ, ಗುಳ್ಳೆ, ದದ್ದುಗಳು ಚರ್ಮದ ಕಾಯಿಲೆಗಳೇ ಅಲ್ಲ. ಮೂತ್ರಪಿಂಡ, ಶ್ವಾಸಕೋಶ, ರಕ್ತ, ನರ ಅಥವಾ ಹೊಟ್ಟೆಯಲ್ಲಿ ಶುರುವಾದ ತೊಂದರೆ ಮೊದಲು ಕಣ್ಣಿಗೆ ಬೀಳುವುದು ಚರ್ಮದ ಮೇಲೆ. ಇಂಥವು ಅಪರೂಪ ನಿಜ. ಆದರೆ ಸಮಯಕ್ಕೆ ಗುರುತಿಸಿದರೆ ಇವುಗಳಲ್ಲಿ ಅನೇಕಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ತಡವಾದರೆ ಜೀವಕ್ಕೇ ಅಪಾಯ. ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ಕುಳಿತವರು ಚರ್ಮತಜ್ಞರನ್ನು ಕಾಣಲು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಹೋಗಬೇಕು. ಹಾಗಾಗಿ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಇವತ್ತೇ ಹೊರಡಬೇಕು ಎಂಬುದು ಮನೆಯಲ್ಲೇ ಗೊತ್ತಿರುವುದು ಒಳ್ಳೆಯದು.

ಇಡೀ ಲೇಖನದಲ್ಲಿ ನೆನಪಿಡಬೇಕಾದದ್ದು ಇಷ್ಟು: ಕಲೆ ಹೇಗಿದೆ ಎನ್ನುವುದಕ್ಕಿಂತ ಅದರ ಜೊತೆಗೆ ಏನು ಬಂದಿದೆ ಎನ್ನುವುದು ಮುಖ್ಯ.

ಮೊದಲು ಕೇಳಿಕೊಳ್ಳಬೇಕಾದ ಐದು ಪ್ರಶ್ನೆ

1. ಜ್ವರ ಇದೆಯೇ? ಜ್ವರದ ಜೊತೆ ಬಂದ ದದ್ದನ್ನು ಯಾವತ್ತೂ ಬರೀ ಚರ್ಮದ ತೊಂದರೆ ಎಂದುಕೊಳ್ಳಬೇಡಿ.

2. ಒತ್ತಿದರೆ ಬಣ್ಣ ಮಾಸುತ್ತದೆಯೇ? ಪಾರದರ್ಶಕ ಗಾಜಿನ ಲೋಟದ ಪಕ್ಕೆಯನ್ನು ಕಲೆಯ ಮೇಲೆ ಒತ್ತಿ, ಗಾಜಿನ ಮೂಲಕವೇ ನೋಡಿ. ಬಣ್ಣ ಮಾಸಿದರೆ ಅದು ಹಿಗ್ಗಿದ ರಕ್ತನಾಳದ ಕೆಂಪು. ಮಾಸದೆ ಹಾಗೇ ಉಳಿದರೆ ಚರ್ಮದ ಕೆಳಗೆ ರಕ್ತ ಸೋರಿದೆ ಎಂದರ್ಥ.

3. ಕಲೆಯಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ? ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮೆಲ್ಲಗೆ ಮುಟ್ಟಿ, ಎಲ್ಲಿ ಮುಟ್ಟಿದ್ದು ಎಂದು ಬೆರಳಿಟ್ಟು ತೋರಿಸಲು ಹೇಳಿ.

4. ಇತ್ತೀಚೆಗೆ ಹೊಸ ಮಾತ್ರೆ ಶುರುವಾಗಿದೆಯೇ? ಕಳೆದ ಎರಡು ತಿಂಗಳಲ್ಲಿ ತಿಂದ ಎಲ್ಲವನ್ನೂ ಲೆಕ್ಕಕ್ಕೆ ತನ್ನಿ. ನಾಟಿ ಔಷಧ, ಮೊಣಕಾಲು ನೋವಿನ ಪುಡಿ, ಚುಚ್ಚುಮದ್ದೂ ಸೇರಲಿ.

5. ದೇಹದಲ್ಲಿ ಬೇರೆ ಬದಲಾವಣೆ ಇದೆಯೇ? ತೂಕ ಇಳಿಯುವುದು, ಕೀಲುನೋವು, ನಿಶ್ಶಕ್ತಿ, ಮುಖ ಇಲ್ಲವೇ ಪಾದ ಬಾವು, ಮೂತ್ರದಲ್ಲಿ ನೊರೆ ಅಥವಾ ಕೆಂಪು ಬಣ್ಣ.

ಇನ್ನೊಂದು ಎಚ್ಚರಿಕೆ. ಪುಸ್ತಕ, ಮೊಬೈಲುಗಳಲ್ಲಿ ಕಾಣುವ ದದ್ದಿನ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರವು. ನಮ್ಮ ಗೋಧಿ, ಕಪ್ಪು ಮೈಬಣ್ಣದ ಮೇಲೆ ಕೆಂಪು ಕೆಂಪಾಗಿ ಕಾಣುವುದಿಲ್ಲ, ಕಂದು ಅಥವಾ ನೇರಳೆ ಛಾಯೆಯಾಗಿ ಕಾಣುತ್ತದೆ. ರಕ್ತದ ಚುಕ್ಕೆಗಳನ್ನು ಅಂಗೈ, ಅಂಗಾಲು, ಕಣ್ಣಿನ ಬಿಳಿಭಾಗ, ಬಾಯಿಯ ಒಳಗೆ ಹಗಲು ಬೆಳಕಿನಲ್ಲಿ ಹುಡುಕಿ.

ರೊಟ್ಟಿಯ ನಾಡಿನಲ್ಲಿ ಕಂಡ ಕೊರಳಪಟ್ಟಿ

ಚರ್ಮ ನೋಡಿ ಒಳಗಿನ ಕೊರತೆ ಗುರುತಿಸಿದ ಒಂದು ದೊಡ್ಡ ಕಥೆ ನಮ್ಮ ದಖನ್ ನೆಲಕ್ಕೇ ಸೇರಿದ್ದು. ಆ ರೋಗದ ಹೆಸರು ಪೆಲಾಗ್ರ. ಬಿಸಿಲು ಬೀಳುವ ಜಾಗಗಳಲ್ಲಿ, ಅಂದರೆ ಮುಂಗೈ ಹಿಂಭಾಗ, ಪಾದದ ಮೇಲ್ಭಾಗ, ಕೊರಳಿನ ಸುತ್ತ, ಚರ್ಮ ಮೊದಲು ಸುಟ್ಟಂತೆ ಉರಿಯುತ್ತದೆ. ಆಮೇಲೆ ಕಪ್ಪಾಗಿ, ದಪ್ಪಗಾಗಿ, ಬಿರಿದು ಸಿಪ್ಪೆ ಏಳುತ್ತದೆ. ಎರಡೂ ಕೈಗಳಲ್ಲಿ ಒಂದೇ ಸಮನಾಗಿ ಬರುವುದು, ಕಪ್ಪಾದ ಚರ್ಮದ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿರುವುದು ಇದರ ಗುರುತು. ಕೊರಳಿನ ಪಟ್ಟಿಯನ್ನು ವೈದ್ಯಲೋಕ ಇಂದಿಗೂ ‘ಕಸಾಲ್‌ನ ಹಾರ’ ಎನ್ನುತ್ತದೆ. 18ನೇ ಶತಮಾನದಲ್ಲಿ ಸ್ಪೇನಿನ ಬಡ ರೈತರಲ್ಲಿ ಈ ರೋಗವನ್ನು ಮೊದಲು ವಿವರಿಸಿದ ವೈದ್ಯ ಗಾಸ್ಪರ್ ಕಸಾಲ್ ಅವರ ಹೆಸರು ಅದು.

ಚರ್ಮದ ಹಿಂದೆಯೇ ಭೇದಿ ಬರುತ್ತದೆ, ನಾಲಗೆ ಕೆಂಪಾಗಿ ಉರಿಯುತ್ತದೆ. ಬಳಿಕ ನಿದ್ದೆಗೇಡು, ಮರೆವು, ಗೊಂದಲ, ಖಿನ್ನತೆ. ಚಿಕಿತ್ಸೆ ಸಿಗದಿದ್ದರೆ ಸಾವು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿ ಬದುಕಿದ ಬಡವರಲ್ಲಿ ಇದು ಹರಡಿದಾಗ, ಅಂಟುರೋಗವೆಂದು ಎಲ್ಲರೂ ಹೆದರಿದ್ದರು. ಇದು ಸೋಂಕಲ್ಲ, ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ನಡೆಸಿದ ಅಧ್ಯಯನಗಳಲ್ಲಿ ತೋರಿಸಿದರು. ಕೊರತೆಯಾದ ಅಂಶ ನಯಾಸಿನ್, ಅಂದರೆ ಬಿ ಗುಂಪಿನ ಒಂದು ಜೀವಸತ್ವ, ಎಂದು 1937ರಲ್ಲಿ ತಿಳಿಯಿತು.

ಮೆಕ್ಕೆಜೋಳ ತಿನ್ನುವವರ ರೋಗ ಎಂದೇ ಹೆಸರಾಗಿದ್ದ ಪೆಲಾಗ್ರ, ದಖನ್‌ನಲ್ಲಿ ಬಿಳಿಜೋಳ ತಿನ್ನುವವರಲ್ಲೂ ಕಾಣಿಸಿತು. ಹೈದರಾಬಾದಿನ ಪೌಷ್ಟಿಕಾಂಶ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಬೆನ್ನಟ್ಟಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚಿದ್ದು, ದೇಹ ನಯಾಸಿನ್ ತಯಾರಿಸಿಕೊಳ್ಳುವ ಕೆಲಸಕ್ಕೆ ಅದು ಅಡ್ಡಿಯಾಗಬಹುದು ಎಂದು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ 1956ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಜೋಳವೇ ಈ ಬಯಲುಸೀಮೆಯ ಮುಖ್ಯ ಊಟವಾಗಿತ್ತು.

ಇದನ್ನು ಓದಿ ಯಾರೂ ರೊಟ್ಟಿ ಬಿಡಬೇಕಿಲ್ಲ. ತೊಂದರೆ ಜೋಳದ್ದಲ್ಲ, ಜೋಳ ಬಿಟ್ಟರೆ ಬೇರೇನೂ ಇಲ್ಲದ ಬಡತನದ್ದು. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಕಾಳಿನ ಪಲ್ಲೆ, ಮೊಸರು, ಸೊಪ್ಪು ಇರುವ ಉತ್ತರ ಕರ್ನಾಟಕದ ತಟ್ಟೆ ಪೆಲಾಗ್ರವನ್ನು ದೂರವಿಡುವ ಊಟ. ಶೇಂಗಾದಲ್ಲಿ ನಯಾಸಿನ್ ಸಮೃದ್ಧವಾಗಿದೆ.

ಇಂದು ಪೆಲಾಗ್ರ ಅಪರೂಪ. ಆದರೂ ಮೂರು ಬಗೆಯವರಲ್ಲಿ ವೈದ್ಯರು ಇದನ್ನು ಈಗಲೂ ಕಾಣುತ್ತಾರೆ: ಊಟ ಬಿಟ್ಟು ಕುಡಿಯುವವರು, ಒಬ್ಬರೇ ಇದ್ದು ಸರಿಯಾಗಿ ಉಣ್ಣದ ವೃದ್ಧರು, ಕ್ಷಯರೋಗಕ್ಕೆ ಐಸೋನಿಯಜಿಡ್ ತೆಗೆದುಕೊಳ್ಳುತ್ತಿರುವ ದುರ್ಬಲರು. ಐಸೋನಿಯಜಿಡ್ ಬಿ6 ಜೀವಸತ್ವಕ್ಕೆ ಅಡ್ಡಬರುತ್ತದೆ, ಬಿ6 ಇಲ್ಲದೆ ದೇಹ ನಯಾಸಿನ್ ತಯಾರಿಸಿಕೊಳ್ಳಲಾರದು. ಹಾಗೆಂದು ಕ್ಷಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕೈ ಕಪ್ಪಾಗಿ ಸಿಪ್ಪೆ ಏಳುತ್ತಿದೆ, ಭೇದಿಯೂ ಇದೆ ಎಂದು ಚಿಕಿತ್ಸೆ ಕೊಡುತ್ತಿರುವವರಿಗೆ ಹೇಳಿ. ಮನೆಯಲ್ಲಿ ಕುಡಿತದ ಚಟ ಇರುವವರ ಮುಂಗೈ ಕರ್ರಗಾಗಿ ಒಡೆದಿದ್ದರೆ ‘ಬಿಸಿಲಿಗೆ ಹಾಗಾಗಿದೆ’ ಎಂದು ಬಿಡಬೇಡಿ. ನಿಕೋಟಿನಮೈಡ್ ಎಂಬ ಅಗ್ಗದ ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಬಾಯುರಿ, ಗೊಂದಲ ಇಳಿಯತೊಡಗುತ್ತವೆ. ಅದೇ ಕೈಗೆ ತಿಂಗಳುಗಟ್ಟಲೆ ಮುಲಾಮು ಹಚ್ಚಿದರೂ ಏನೂ ಆಗದು.

ಕಿರದಳ್ಳಿ ತಾಂಡಾ ಕಲಿಸಿದ ಪಾಠ

ಕುಷ್ಟಗಿಯಿಂದ ಈಶಾನ್ಯಕ್ಕೆ, ಕೃಷ್ಣಾ ನದಿಯಾಚೆ, ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಕಿರದಳ್ಳಿ ತಾಂಡಾ ಇದೆ. ಹಳೆಯ ಮಂಗಳೂರು ಚಿನ್ನದ ಗಣಿಯ ಸಮೀಪದ ಲಂಬಾಣಿ ನೆಲೆ ಅದು (ಕರಾವಳಿಯ ಮಂಗಳೂರಲ್ಲ, ಅದೇ ಹೆಸರಿನ ಊರು). ಅಲ್ಲಿನ ಹಲವರ ಅಂಗೈ, ಅಂಗಾಲುಗಳಲ್ಲಿ ಗಡುಸಾದ ಸಣ್ಣ ಗಂಟುಗಳೆದ್ದಿದ್ದವು, ಮೈಮೇಲೆ ಕಪ್ಪು ಮತ್ತು ಬಿಳಿ ಚುಕ್ಕೆಗಳು ಬೆರೆತು ಹರಡಿದ್ದವು. ಕುಡಿಯುವ ನೀರನ್ನು ಪರೀಕ್ಷಿಸಿದಾಗ ಆರ್ಸೆನಿಕ್ ಪತ್ತೆಯಾಯಿತು. ಚಿನ್ನದ ಅದಿರಿರುವ ಶಿಲೆಗಳಲ್ಲಿ ಆರ್ಸೆನಿಕ್ ಖನಿಜವೂ ಇರುವುದುಂಟು, ಅದು ಅಂತರ್ಜಲಕ್ಕೆ ಇಳಿಯುತ್ತದೆ. ಈ ಪ್ರದೇಶದ ಕುರಿತ ಅಧ್ಯಯನ 2013ರಲ್ಲಿ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಆರ್ಸೆನಿಕ್ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕುಡಿದ ಕೂಡಲೇ ಏನೂ ಆಗುವುದಿಲ್ಲ. ಹಲವು ವರ್ಷ ಕುಡಿದ ಮೇಲೆ ಮೊದಲು ತೋರಿಸುವುದು ಚರ್ಮ. ಅದೇ ಹೊತ್ತಿನಲ್ಲಿ ಮೂತ್ರಕೋಶ, ಶ್ವಾಸಕೋಶ ಮತ್ತು ಚರ್ಮದ ಕ್ಯಾನ್ಸರ್‌ನ ಅಪಾಯ ಒಳಗೆ ಏರುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಂದು ಲೀಟರ್ ನೀರಿಗೆ 10 ಮೈಕ್ರೊಗ್ರಾಂ. ನೀರು ಕಾಯಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ಆವಿಯಾಗಿ ನೀರು ಕಡಿಮೆಯಾದಂತೆ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಅಂಗೈಯಲ್ಲಿ ಗಡುಸು ಚರ್ಮ ಕಂಡವರೆಲ್ಲ ಹೆದರಬೇಕಿಲ್ಲ. ಸನಿಕೆ, ಕುಡುಗೋಲು ಹಿಡಿಯುವ ಕೈಗೆ ಗಡುಸು ಬಂದೇ ಬರುತ್ತದೆ, ಆದರೆ ಅದು ಹಿಡಿಕೆ ತಾಗುವ ಜಾಗದಲ್ಲಷ್ಟೇ ಇರುತ್ತದೆ. ಒಂದೇ ಓಣಿಯ, ಒಂದೇ ಕೊಳವೆಬಾವಿಯ ನೀರು ಕುಡಿಯುವ ನಾಲ್ಕಾರು ಜನರಿಗೆ ಅಂಗೈ ಅಂಗಾಲು ಎರಡರಲ್ಲೂ ಗಂಟುಗಳೆದ್ದು, ಎದೆ ಬೆನ್ನಿನ ಮೇಲೆ ಚುಕ್ಕೆಗಳೂ ಇದ್ದರೆ ವೈದ್ಯರ ಜೊತೆಗೆ ಗ್ರಾಮ ಪಂಚಾಯಿತಿಗೂ ತಿಳಿಸಿ. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷೆಗೆ ಕೊಡಿಸಬಹುದು. ಒಬ್ಬರ ಚರ್ಮದ ಗುರುತು ಇಲ್ಲಿ ಇಡೀ ಊರನ್ನು ಉಳಿಸಬಲ್ಲದು.

ಜ್ವರದ ಜೊತೆ ಬಂದ ಗುರುತು

ಹೊಲಗದ್ದೆಯವರು ಗೊತ್ತುಮಾಡಿಕೊಳ್ಳಲೇಬೇಕಾದದ್ದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲು, ಹೊಲದ ಬದುಗಳಲ್ಲಿರುವ ಅತಿ ಸಣ್ಣ ನುಸಿಮರಿ ಕಚ್ಚಿದಾಗ ದೇಹ ಸೇರುವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಕರ್ನಾಟಕದಲ್ಲೂ ಇದರ ಪ್ರಕರಣಗಳು ವರದಿಯಾಗುತ್ತವೆ, ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳಲ್ಲಿ ಹೆಚ್ಚು. ಕಚ್ಚಿದ ಜಾಗದಲ್ಲಿ ಬೀಡಿಯ ಬೆಂಕಿ ತಾಗಿದಂಥ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವೂ ಇಲ್ಲ, ತುರಿಕೆಯೂ ಇಲ್ಲ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಅದು ಕೂರುವುದೂ ಮರೆಯ ಜಾಗಗಳಲ್ಲೇ: ಕಂಕುಳು, ತೊಡೆಸಂದಿ, ಸೊಂಟದ ದಾರದ ಕೆಳಗೆ, ಸ್ತನದ ಕೆಳಗೆ, ಕಿವಿಯ ಹಿಂದೆ. ಜೊತೆಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಮ್ಮು.

ಈ ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲ. ಆದರೆ ಇದ್ದರೆ ಅದು ಬಲವಾದ ಸುಳಿವು, ಏಕೆಂದರೆ ಮೊದಲ ವಾರದಲ್ಲಿ ರಕ್ತಪರೀಕ್ಷೆ ಹಲವು ಸಲ ಏನನ್ನೂ ತೋರಿಸುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಬೇಗ ಶುರುವಾದರೆ ಜ್ವರ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಪೆಟ್ಟು. ಜ್ವರ ಬಂದವರ ಬಟ್ಟೆ ಸರಿಸಿ ಒಂದು ಸಲ ಮೈಯೆಲ್ಲ ನೋಡಿ. ಹೆಂಗಸರು ನಾಚಿಕೆಯಿಂದ ಮುಚ್ಚಿಡುವ ಜಾಗದಲ್ಲೇ ಉತ್ತರ ಇರಬಹುದು. ಮನೆಯ ಇನ್ನೊಬ್ಬ ಹೆಂಗಸು ನೋಡಿ, ಕಂಡದ್ದನ್ನು ವೈದ್ಯರಿಗೆ ತಿಳಿಸಲಿ.

ಡೆಂಗಿಯಲ್ಲಿ ಮೈ ಕೆಂಪಾಗಿ, ನಡುನಡುವೆ ಸಹಜ ಚರ್ಮದ ಸಣ್ಣ ಜಾಗಗಳು ಉಳಿಯುತ್ತವೆ. ಕೆಂಪಿಗಿಂತ ಅಪಾಯದ ಸೂಚನೆ ರಕ್ತದ ಚುಕ್ಕೆ, ಒಸಡಿನ ರಕ್ತ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ. ಜ್ವರ ಬಿಟ್ಟಿತು ಎಂದು ನಿರಾಳರಾಗುವ ಹೊತ್ತಿನಲ್ಲೇ ಡೆಂಗಿ ಕೈಕೊಡುವುದುಂಟು.

ಲೋಟದ ಪರೀಕ್ಷೆಯಲ್ಲಿ ಮಾಸದ ನೇರಳೆ ಚುಕ್ಕೆಗಳು ಜ್ವರದ ಜೊತೆ ಗಂಟೆಗಂಟೆಗೂ ಹೆಚ್ಚುತ್ತಿದ್ದರೆ, ಕುತ್ತಿಗೆ ಬಿಗಿದಿದ್ದರೆ, ವ್ಯಕ್ತಿ ಮಂಕಾಗುತ್ತಿದ್ದರೆ ರಕ್ತದ ಸೋಂಕು ಅಥವಾ ಮಿದುಳುಪೊರೆಯ ಉರಿಯೂತ ಇರಬಹುದು. ಬೆಳಗಾಗಲಿ ಎಂದು ಕಾಯಬೇಡಿ.

ಮಕ್ಕಳಲ್ಲಿ ಎರಡು ವಿಷಯ ನೆನಪಿಡಿ. ಕಾಲು, ಪೃಷ್ಠದ ಮೇಲೆ ಕೈಗೆ ಸಿಗುವಂಥ ಉಬ್ಬಿದ ನೇರಳೆ ಚುಕ್ಕೆ, ಜೊತೆಗೆ ಹೊಟ್ಟೆನೋವು, ಕೀಲುನೋವು ಇದ್ದರೆ ಅದು ಸಣ್ಣ ರಕ್ತನಾಳಗಳ ಉರಿಯೂತ. ಗಂಟಲು ಸೋಂಕು ಬಂದು ಹೋದ ಮೇಲೆ ಹೆಚ್ಚಾಗಿ ಕಾಣಿಸುತ್ತದೆ. ಚುಕ್ಕೆ ತಾನಾಗಿ ಮಾಸುತ್ತದೆ, ಆದರೆ ಮೂತ್ರಪಿಂಡದ ತೊಂದರೆ ವಾರಗಳ ನಂತರ ಸದ್ದಿಲ್ಲದೆ ಬರಬಹುದು. ಆದ್ದರಿಂದ ಆರು ತಿಂಗಳವರೆಗೆ ವೈದ್ಯರು ಹೇಳಿದಾಗೆಲ್ಲ ಮೂತ್ರ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಬೇಕು.

ಎರಡನೆಯದು ಕವಸಾಕಿ ಕಾಯಿಲೆ. ಐದು ವರ್ಷದೊಳಗಿನ ಮಗುವಿಗೆ ಐದು ದಿನವಾದರೂ ಇಳಿಯದ ಜ್ವರ, ಪಿಸುರಿಲ್ಲದ ಕೆಂಪು ಕಣ್ಣು, ಒಡೆದ ತುಟಿ, ಕೆಂಪು ನಾಲಗೆ, ಊದಿದ ಅಂಗೈ ಅಂಗಾಲು, ಮೈಮೇಲೆ ದದ್ದು. ನೋಡಲು ದಡಾರದಂತಿದ್ದರೂ ಇದು ಹೃದಯದ ರಕ್ತನಾಳವನ್ನು ಹಿಗ್ಗಿಸಬಲ್ಲದು. ಜ್ವರ ಶುರುವಾದ ಹತ್ತು ದಿನದೊಳಗೆ ಚಿಕಿತ್ಸೆ ಸಿಕ್ಕರೆ ಆ ಅಪಾಯ ಬಹಳಷ್ಟು ತಗ್ಗುತ್ತದೆ. ‘ಅಮ್ಮ ಬಂದಾಳ’ ಎಂದು ಬೇವಿನೆಲೆ ಕಟ್ಟಿ ಮನೆಯಲ್ಲಿಟ್ಟುಕೊಳ್ಳುವವರು, ಪೂಜೆ ಮಾಡಿದರೂ ಮಗುವನ್ನು ಆಸ್ಪತ್ರೆಗೆ ತೋರಿಸುವುದನ್ನು ತಪ್ಪಿಸಬಾರದು.

ನಿಧಾನವಾಗಿ ಬರುವ ಗುರುತುಗಳು

ಕೆನ್ನೆಯ ಕೆಂಪು. ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆಯಾಕಾರದಲ್ಲಿ ಹರಡಿ, ಬಿಸಿಲಿಗೆ ಉರಿಯುವ ದದ್ದು ಲೂಪಸ್ ಎಂಬ ಕಾಯಿಲೆಯ ಗುರುತಿರಬಹುದು. ಹರೆಯದ ಹೆಂಗಸರಲ್ಲಿ ಇದು ಹೆಚ್ಚು. ಇದನ್ನು ಬಂಗು ಎಂದು ತಪ್ಪು ತಿಳಿಯುವುದು ಸುಲಭ. ಬಂಗು ಉರಿಯುವುದಿಲ್ಲ, ಬೇರೆ ತೊಂದರೆ ತರುವುದಿಲ್ಲ. ಲೂಪಸ್ ಕೀಲುನೋವು, ಕೂದಲುದುರುವಿಕೆ, ಬಾಯಿಹುಣ್ಣು, ಬಿಟ್ಟು ಬಿಟ್ಟು ಜ್ವರ, ಪದೇಪದೇ ಗರ್ಭಪಾತ ಇವುಗಳಲ್ಲಿ ಕೆಲವನ್ನು ಜೊತೆಗೆ ಕರೆತರುತ್ತದೆ. ಮೂಗಿನ ಬದಿಯಿಂದ ತುಟಿಯಂಚಿಗೆ ಇಳಿಯುವ ಗೆರೆಯ ಜಾಗದಲ್ಲಿ ದದ್ದು ಇರದಿರುವುದು ಇನ್ನೊಂದು ಸುಳಿವು. ಇಲ್ಲಿ ಮೊದಲು ಮಾಡಿಸಬೇಕಾದದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಸಣ್ಣ ಪರೀಕ್ಷೆ.

ಕಣ್ಣರೆಪ್ಪೆಯ ನೇರಳೆ. ಮೇಲಿನ ರೆಪ್ಪೆಗಳು ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗುವುದು, ಬೆರಳ ಗೆಣ್ಣುಗಳ ಮೇಲೆಯೇ ಚಪ್ಪಟೆ ಗುಳ್ಳೆಗಳು ಏಳುವುದು, ಎದೆ ಹೆಗಲ ಮೇಲೆ ಕೆಂಪು ಹರಡುವುದು, ಇವುಗಳ ಜೊತೆ ಸ್ನಾಯುಗಳ ಬಲ ಕುಂದಿದರೆ ಅದು ಡರ್ಮಟೊಮಯೋಸೈಟಿಸ್. ಕುಕ್ಕರಗಾಲಲ್ಲಿ ಕೂತವರಿಗೆ ಕೈಯೂರದೆ ಏಳಲಾಗುವುದಿಲ್ಲ, ತಲೆ ಬಾಚಲು ಕೈ ಎತ್ತಲಾಗುವುದಿಲ್ಲ, ಮೆಟ್ಟಿಲು ಹತ್ತುವುದು ಕಷ್ಟ. ನಡುವಯಸ್ಸು ದಾಟಿದವರಲ್ಲಿ ಈ ಕಾಯಿಲೆಯ ಹಿಂದೆ ಕೆಲವೊಮ್ಮೆ ಅಂಡಾಶಯ, ಶ್ವಾಸಕೋಶ, ಹೊಟ್ಟೆ ಅಥವಾ ಸ್ತನದ ಕ್ಯಾನ್ಸರ್ ಅಡಗಿರುತ್ತದೆ. ಆದ್ದರಿಂದ ವೈದ್ಯರು ಹಲವು ತಪಾಸಣೆ ಬರೆದುಕೊಟ್ಟರೆ ಖರ್ಚು ಮಾಡಿಸುತ್ತಿದ್ದಾರೆ ಎಂದು ಸಂಶಯಿಸಬೇಡಿ. ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ತುರ್ತು.

ಕುತ್ತಿಗೆಯ ಕಪ್ಪು. ಹಿಂಗತ್ತು, ಕಂಕುಳಲ್ಲಿ ಮಖಮಲ್ಲಿನಂಥ ದಪ್ಪ ಕಪ್ಪು ಕಂಡರೆ ಉಜ್ಜಿ ತೊಳೆಯುವುದರಿಂದ ಹೋಗದು. ದಪ್ಪ ಮೈಯವರಲ್ಲಿ, ಮಕ್ಕಳಲ್ಲಿ ಕೂಡ, ಇದು ಮುಂದೆ ಸಕ್ಕರೆ ಕಾಯಿಲೆ ಬರಬಹುದೆಂಬ ಸೂಚನೆ. ಸಕ್ಕರೆ ಪರೀಕ್ಷೆ ಮಾಡಿಸಿ, ತೂಕ ಇಳಿಸಿ. ಆದರೆ ತೆಳ್ಳಗಿರುವ ಹಿರಿಯರಲ್ಲಿ ಕೆಲವೇ ತಿಂಗಳಲ್ಲಿ ಈ ಕಪ್ಪು ವೇಗವಾಗಿ ಹರಡಿ, ಅಂಗೈ ದಪ್ಪವಾಗಿ ಒರಟಾಗಿ, ತೂಕವೂ ಇಳಿಯುತ್ತಿದ್ದರೆ ಅದು ಬೇರೆ ವಿಷಯ. ಜಠರದ ಕ್ಯಾನ್ಸರ್ ಇದೆಯೇ ಎಂದು ನೋಡಲೇಬೇಕು.

ಹಳದಿ ಗುಳ್ಳೆಗಳು. ಪೃಷ್ಠ, ಮೊಣಕೈ, ಮೊಣಕಾಲಿನ ಮೇಲೆ ಸಣ್ಣ ಹಳದಿ ಗುಳ್ಳೆಗಳು ಗುಂಪಾಗಿ ಒಮ್ಮೆಲೇ ಎದ್ದರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತ ಏರಿರಬಹುದು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಮದ್ಯಪಾನ ಇದಕ್ಕೆ ಸಾಮಾನ್ಯ ಕಾರಣ. ಮೇದೋಜೀರಕ ಗ್ರಂಥಿಯ ಉರಿಯೂತ ಇದರ ಅಪಾಯ.

ಮೊಣಕಾಲ ಕೆಳಗಿನ ಗಂಟು. ಮುಂಗಾಲ ಎಲುಬಿನ ಮೇಲೆ ಕೆಂಪಾದ, ಮುಟ್ಟಿದರೆ ನೋಯುವ ಗಂಟುಗಳ ಹಿಂದೆ ಗಂಟಲಿನ ಸೋಂಕು, ಕ್ಷಯ, ಕರುಳಿನ ಉರಿಯೂತ ಅಥವಾ ಔಷಧದ ಪರಿಣಾಮ ಇರಬಹುದು. ನಮ್ಮ ದೇಶದಲ್ಲಿ ಮೊದಲು ಕ್ಷಯವನ್ನು ತಳ್ಳಿಹಾಕಬೇಕು.

ಅಂಗೈ ಅಂಗಾಲಿನ ದದ್ದು. ತುರಿಕೆಯಿಲ್ಲದ ತಾಮ್ರವರ್ಣದ ಕಲೆಗಳು ಅಂಗೈ ಅಂಗಾಲಲ್ಲಿ ಬಂದರೆ ಸಿಫಿಲಿಸ್ ಪರೀಕ್ಷೆ ಬೇಕು. ಇದು ಪೆನ್ಸಿಲಿನ್‌ಗೆ ಗುಣವಾಗುವ ಕಾಯಿಲೆ. ಗರ್ಭಿಣಿಯಲ್ಲಿ ಬಿಟ್ಟರೆ ಮಗುವಿಗೆ ಹಾನಿ. ಹರೆಯದವರಲ್ಲಿ ಸರ್ಪಸುತ್ತು ಮೈಯ ಬೇರೆ ಬೇರೆ ಭಾಗಗಳಿಗೆ ಹರಡಿದರೆ ಅಥವಾ ಮರುಕಳಿಸಿದರೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚನಾ ಕೇಂದ್ರದಲ್ಲಿ ಅದು ಉಚಿತ, ಗುಟ್ಟು ಹೊರಬೀಳುವುದಿಲ್ಲ.

ಕಲೆಯೇ ಇಲ್ಲದ ತುರಿಕೆ. ಆರು ವಾರ ಮೀರಿದ, ಚರ್ಮದಲ್ಲಿ ಏನೂ ಕಾಣದ ತುರಿಕೆಗೆ ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ಕಬ್ಬಿಣಾಂಶದ ಕೊರತೆ ಕಾರಣವಿರಬಹುದು. ರಾತ್ರಿ ಬೆವರು, ತೂಕ ಇಳಿತ, ಕುತ್ತಿಗೆಯಲ್ಲಿ ಗಡ್ಡೆ ಜೊತೆಗಿದ್ದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಯಸ್ಸಾದವರ ತುರಿಕೆಗೆ ಹೆಚ್ಚಾಗಿ ಒಣ ಚರ್ಮವೇ ಕಾರಣ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ನೋಡಿ, ಕಡಿಮೆಯಾಗದಿದ್ದರೆ ರಕ್ತಪರೀಕ್ಷೆ ಮಾಡಿಸಿ.

ಸ್ಪರ್ಶವಿಲ್ಲದ ಮಚ್ಚೆ

ನೋವಿಲ್ಲ, ತುರಿಕೆಯಿಲ್ಲ, ಮಾಸಲು ಬಣ್ಣದ ಮಚ್ಚೆ, ಮುಟ್ಟಿದರೆ ಗೊತ್ತಾಗುತ್ತಿಲ್ಲ. ಇದು ಕುಷ್ಠರೋಗದ ಗುರುತು. ಕಾಯಿಲೆ ಇರುವುದು ಚರ್ಮದಲ್ಲಷ್ಟೇ ಅಲ್ಲ, ಅದರಡಿಯ ನರದಲ್ಲಿ. ದೇಶದ ಮಟ್ಟದಲ್ಲಿ ಕುಷ್ಠ 10,000 ಜನರಿಗೆ ಒಂದಕ್ಕಿಂತ ಕಡಿಮೆಯಾಗಿದೆ ಎಂದು 2005ರ ಡಿಸೆಂಬರ್‌ನಲ್ಲಿ ಭಾರತ ಘೋಷಿಸಿತು. ಆದರೆ ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ. ಕೈಗೆ ಬಿಸಿ ಪಾತ್ರೆ ತಾಗಿದ್ದು ಗೊತ್ತಾಗದಿರುವುದು, ಚಪ್ಪಲಿ ಕಳಚಿಬಿದ್ದರೂ ತಿಳಿಯದಿರುವುದು, ಕಿರುಬೆರಳು ಮಡಚಿಕೊಳ್ಳುವುದು, ಕಿವಿಯ ಹಾಲೆ ದಪ್ಪಗಾಗುವುದು, ಇವೂ ಸೂಚನೆಗಳೇ.

ತೊನ್ನಿಗೂ ಇದಕ್ಕೂ ಸಂಬಂಧವಿಲ್ಲ. ತೊನ್ನು ಹಾಲುಬಿಳಿ ಇರುತ್ತದೆ, ಸ್ಪರ್ಶ ಪೂರ್ತಿ ಇರುತ್ತದೆ, ಅಂಟುವುದಿಲ್ಲ. ಚಿಬ್ಬಿನಲ್ಲಿಯೂ ಸ್ಪರ್ಶ ಇರುತ್ತದೆ, ಉಜ್ಜಿದರೆ ಹೊಟ್ಟು ಬರುತ್ತದೆ. ಕುಷ್ಠದ ಬಹುಔಷಧ ಚಿಕಿತ್ಸೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆರಂಭದ ಹಂತದಲ್ಲಿ 6 ತಿಂಗಳು, ಹರಡಿದ್ದರೆ 12 ತಿಂಗಳು. ಚಿಕಿತ್ಸೆ ಶುರುವಾದ ಮೇಲೆ ಬೇರೆಯವರಿಗೆ ಹರಡುವ ಅಪಾಯ ಬೇಗನೆ ಇಲ್ಲವಾಗುತ್ತದೆ. ಗುಳೆ ಹೋಗುವವರು ಹೊರಡುವ ಮುನ್ನ ಆಶಾ ಕಾರ್ಯಕರ್ತೆಗೆ ಹೇಳಿ, ಹೋದ ಊರಿನಲ್ಲೂ ಮಾತ್ರೆ ತಪ್ಪದಂತೆ ಏರ್ಪಾಡು ಮಾಡಿಕೊಳ್ಳಬೇಕು. ಚಿಕಿತ್ಸೆಯ ನಡುವೆ ಅಥವಾ ಮುಗಿದ ಮೇಲೆ ಜ್ವರದ ಜೊತೆ ನೋಯುವ ಕೆಂಪು ಗಂಟುಗಳು ಎದ್ದರೆ, ಕೈ ಅಥವಾ ಪಾದದ ಬಲ ಕುಗ್ಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ತಡವಾದಷ್ಟೂ ನರ ಉಳಿಸಿಕೊಳ್ಳುವುದು ಕಷ್ಟ.

ಮಾತ್ರೆಯಿಂದ ಬರುವ ಮಹಾಅಪಾಯ

ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್, ಸಲ್ಫಾ ಔಷಧಗಳು, ಕೆಲವು ನೋವಿನ ಮಾತ್ರೆಗಳು, ಇವು ಲಕ್ಷಾಂತರ ಜನರಿಗೆ ಉಪಕಾರಿ. ಆದರೆ ತೀರ ಅಪರೂಪವಾಗಿ ಕೆಲವರಲ್ಲಿ, ಹೆಚ್ಚಾಗಿ ಶುರುಮಾಡಿದ ಮೊದಲ ನಾಲ್ಕು ವಾರಗಳಲ್ಲಿ, ಸ್ಟೀವನ್ಸ್-ಜಾನ್ಸನ್ ಎಂಬ ಪ್ರತಿಕ್ರಿಯೆ ಬರುತ್ತದೆ. ಮೊದಲು ಜ್ವರ, ಗಂಟಲುನೋವು, ಕಣ್ಣುರಿ. ಆಮೇಲೆ ತುಟಿ, ಬಾಯಿ, ಕಣ್ಣು, ಗುಪ್ತಾಂಗಗಳಲ್ಲಿ ಹುಣ್ಣು, ಮೈಮೇಲೆ ಕಪ್ಪುಗೆಂಪು ಕಲೆ, ಬಳಿಕ ಬೊಬ್ಬೆಯೆದ್ದು ಚರ್ಮ ಸುಲಿಯುವುದು. ಚರ್ಮ ತುರಿಸುವುದಕ್ಕಿಂತ ಮುಟ್ಟಿದರೆ ನೋಯುತ್ತಿದ್ದರೆ ಅದು ಬಲವಾದ ಸೂಚನೆ. ಇನ್ನೊಂದು ಬಗೆಯಲ್ಲಿ ಎರಡರಿಂದ ಎಂಟು ವಾರದೊಳಗೆ ಜ್ವರ, ಮುಖದ ಬಾವು, ಮೈತುಂಬ ದದ್ದು, ಯಕೃತ್ತಿನ ಹಾನಿ ಒಟ್ಟಿಗೇ ಬರುತ್ತವೆ.

ಹೀಗಾದಾಗ ಸಂಶಯವಿರುವ ಮಾತ್ರೆಯ ಮುಂದಿನ ಡೋಸ್ ನುಂಗದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ, ಮುಂದಿನದನ್ನು ಅಲ್ಲಿನ ವೈದ್ಯರು ನಿರ್ಧರಿಸುತ್ತಾರೆ. ಮಾತ್ರೆಯ ಹಾಳೆ ಎಸೆಯಬೇಡಿ, ಜೊತೆಗೆ ಒಯ್ಯಿರಿ. ಗುಣವಾದ ಮೇಲೆ ಆ ಔಷಧದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು ಆಧಾರ್ ಕಾರ್ಡಿನ ಜೊತೆ ಇಡಿ. ಅದು ಮತ್ತೆಂದೂ ನಿಮ್ಮ ಹೊಟ್ಟೆ ಸೇರಬಾರದು.

ಟ್ಯೂಬಿನ ತೊಂದರೆ

ಬೀಟಾಮೆಥಸೋನ್, ಕ್ಲೊಬೆಟಸಾಲ್ ಮೊದಲಾದ ಸ್ಟಿರಾಯ್ಡ್ ಇರುವ ಮುಲಾಮುಗಳು ಕೆಂಪನ್ನೂ ತುರಿಕೆಯನ್ನೂ ಎರಡೇ ದಿನದಲ್ಲಿ ಅಡಗಿಸುತ್ತವೆ. ಅಪಾಯ ಇರುವುದೇ ಅಲ್ಲಿ. ಗಜಕರ್ಣ ಅಡಗಿದಂತೆ ಕಂಡು ಒಳಗೊಳಗೇ ಹಬ್ಬುತ್ತದೆ, ವೈದ್ಯರು ನೋಡಿ ಗುರುತಿಸಬೇಕಾದ ಕಲೆಯ ಸ್ವರೂಪವೇ ಕೆಟ್ಟುಹೋಗುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿದ್ದ ಇಂಥ 14 ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಕಡ್ಡಾಯವಿರುವ ಪಟ್ಟಿಗೆ ಕೇಂದ್ರ ಸರ್ಕಾರ 2018ರಲ್ಲಿ ತಂದಿತು. ಕೊಳ್ಳುವವರೂ ಚೀಟಿಯಿಲ್ಲದೆ ಕೇಳದಿದ್ದರೆ ಮಾತ್ರ ಆ ನಿಯಮಕ್ಕೆ ಬೆಲೆ. ಈಗಾಗಲೇ ಹಚ್ಚಿದ್ದರೆ ಮುಚ್ಚಿಡದೆ ಹೇಳಿ, ಟ್ಯೂಬನ್ನೇ ತೋರಿಸಿ.

ಹೆದರಬೇಕಿಲ್ಲದ ಒಂದನ್ನೂ ಇಲ್ಲಿ ಹೇಳಬೇಕು. ಭತ್ತದ ಗದ್ದೆಗಳ ಬಳಿ ಸಂಜೆ ದೀಪಕ್ಕೆ ಬರುವ ಕಿತ್ತಳೆ-ಕಪ್ಪು ಪಟ್ಟೆಯ ಸಣ್ಣ ದುಂಬಿಯನ್ನು ಮೈಮೇಲೆ ಉಜ್ಜಿದರೆ, ಅದರ ರಸ ತಾಗಿ ಮರುದಿನ ಗೆರೆಯಂತೆ ಸುಟ್ಟ ಗುಳ್ಳೆ ಏಳುತ್ತದೆ. ಅನೇಕರು ಇದನ್ನು ಸರ್ಪಸುತ್ತು ಎಂದು ಗಾಬರಿಯಾಗುತ್ತಾರೆ. ಸೋಪಿನಿಂದ ತೊಳೆದು, ಕೈಯಿಂದ ಕಣ್ಣು ಮುಟ್ಟದಿದ್ದರೆ ಸಾಕು, ವಾರ ಹತ್ತು ದಿನದಲ್ಲಿ ಮಾಯುತ್ತದೆ. ಹುಳು ಮೈಮೇಲೆ ಕೂತರೆ ಉಜ್ಜಬೇಡಿ, ಊದಿ ಹಾರಿಸಿ.

ಇವತ್ತೇ ಹೊರಡಬೇಕಾದ ಸಂದರ್ಭಗಳು

- ಜ್ವರದ ಜೊತೆ, ಒತ್ತಿದರೂ ಮಾಸದ ನೇರಳೆ ಚುಕ್ಕೆ
- ದದ್ದಿನ ಜೊತೆ ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣು, ಚರ್ಮ ಸುಲಿಯುವುದು
- ದದ್ದೆದ್ದ ಕೂಡಲೇ ತುಟಿ, ನಾಲಗೆ ಊದಿ ಉಸಿರು ಕಟ್ಟುವುದು
- ಜ್ವರವಿದ್ದು, ಮರೆಯ ಜಾಗದಲ್ಲಿ ಕಪ್ಪು ಹಕ್ಕಳೆ
- ಮಗುವಿಗೆ ಐದು ದಿನದ ಜ್ವರ, ಕೆಂಪು ಕಣ್ಣು, ದದ್ದು
- ದದ್ದಿನ ಜೊತೆ ಮೂತ್ರ ಕಡಿಮೆಯಾಗುವುದು ಅಥವಾ ಕೆಂಪಾಗುವುದು, ಮುಖ ಊದುವುದು
- ದದ್ದಿನ ಜೊತೆ ಮಂಕು, ಗೊಂದಲ, ನುಂಗಲಾಗದಿರುವುದು

ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ.

ಎಲ್ಲಿಗೆ, ಏನು ತೆಗೆದುಕೊಂಡು ಹೋಗಬೇಕು?

ತುರ್ತಿಲ್ಲದಿದ್ದರೆ ಮೊದಲ ಮೆಟ್ಟಿಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ಕುಷ್ಟಗಿ, ಯಲಬುರ್ಗಾದ ತಾಲ್ಲೂಕು ಆಸ್ಪತ್ರೆ ಅಥವಾ ಗಂಗಾವತಿಯ ಉಪವಿಭಾಗ ಆಸ್ಪತ್ರೆ. ಚರ್ಮತಜ್ಞರು ಬೇಕಾದರೆ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇನ್ನೂ ದೊಡ್ಡ ತಪಾಸಣೆ ಬೇಕಾದರೆ ಬಳ್ಳಾರಿ ಅಥವಾ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು, ರೇಷನ್ ಕಾರ್ಡು ಜೊತೆಗಿರಲಿ.

ಹೊರಡುವ ಮುನ್ನ ಮೊಬೈಲಿನಲ್ಲಿ ಹಗಲು ಬೆಳಕಿನಲ್ಲಿ ಎರಡು ಫೋಟೊ ತೆಗೆದಿಡಿ, ಒಂದು ಹತ್ತಿರದಿಂದ, ಒಂದು ಮೈಯ ಯಾವ ಭಾಗ ಎಂದು ತಿಳಿಯುವಂತೆ. ಕೆಲವು ದದ್ದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾಸುತ್ತವೆ. ಕಲೆ ಯಾವತ್ತು ಬಂತು, ಜ್ವರ ಯಾವತ್ತು ಶುರುವಾಯಿತು, ಯಾವ ಮಾತ್ರೆ ಯಾವತ್ತಿನಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಅರಿಷಿಣ, ಕೆಮ್ಮಣ್ಣು, ಎಣ್ಣೆ, ಪೌಡರ್ ಹಚ್ಚಿದ್ದರೆ ತೊಳೆದುಕೊಂಡು ಹೋಗಿ, ಕಲೆ ಕಾಣಬೇಕು.

ವೈದ್ಯರು ಅವಸರದಲ್ಲಿದ್ದರೂ ಸಂಕೋಚಪಡದೆ ಒಂದು ಮಾತು ಕೇಳಿ: ‘ಇದಕ್ಕೆ ಬಿಪಿ, ಮೂತ್ರ, ಸಕ್ಕರೆ ಪರೀಕ್ಷೆ ಮಾಡಬೇಕೇನ್ರಿ?’ ಈ ಮೂರೂ ಆರೋಗ್ಯ ಕೇಂದ್ರದಲ್ಲೇ ಆಗುವ, ಹೆಚ್ಚು ಖರ್ಚಿಲ್ಲದ ಪರೀಕ್ಷೆಗಳು. ಲೂಪಸ್‌ನಿಂದ ಮೂತ್ರಪಿಂಡ ಕೆಡುತ್ತಿರುವುದನ್ನು, ಮಗುವಿನ ರಕ್ತನಾಳದ ಉರಿಯೂತ ಮೂತ್ರಪಿಂಡ ಮುಟ್ಟಿರುವುದನ್ನು, ಕುತ್ತಿಗೆಯ ಕಪ್ಪಿನ ಹಿಂದಿನ ಸಕ್ಕರೆಯನ್ನು ಹಿಡಿದುಕೊಡಲು ಅವು ಸಾಕು. ಕಲೆ ಮಾಯವಾದ ಮೇಲೂ ಪರೀಕ್ಷೆಗೆ ಮತ್ತೆ ಬರಲು ಹೇಳಿದ್ದರೆ ತಪ್ಪದೆ ಹೋಗಿ. ಚರ್ಮ ತಿಳಿಯಾಯಿತೆಂದರೆ ಒಳಗಿನ ಕಾಯಿಲೆಯೂ ಹೋಯಿತು ಎಂದಲ್ಲ, ಅದನ್ನು ಹೇಳಬೇಕಾದದ್ದು ಆ ಪರೀಕ್ಷೆಯೇ.